ದೋಣಿಯ ಪಾಲಿನ ನೀರು

ಸಿಸ್ಟರ್ ನೀರಿನ ಜಗ್ ಎತ್ತಿಕೊಂಡು ಹೋದಳು, ಲೋಟ ಎತ್ತಿಕೊಂಡು ಹೋದಳು, ಬಾತ್‌ರೂಮಿನ ನಲ್ಲಿಗೆ ನೀರು ಬರದಂತೆ ಹೊರಗಿನಿಂದ ಬಂದ್ ಮಾಡಿಸಿದಳು, ಮುಖ ಒರೆಸಿಕೊಳ್ಳಲೆಂದು ಮಂಚದ ಸರಳಿಗೆ ಹಾಕಿದ್ದ ಒದ್ದೆ ಟವೆಲ್ಲನ್ನೂ ಬಿಡಲಿಲ್ಲ. ಆದರೆ ಕಿಟಕಿಯ ಪರದೆಯ ಮರೆಯಲ್ಲಿದ್ದ ಹೂದಾನಿಯನ್ನು ಮಾತ್ರ ಮರೆತಳು. ಅವನ ಕಣ್ಣಿಗೆ ಅದು ಆಸ್ಪತ್ರೆಯ ಆ ಕೋಣೆಯೊಳಗೆ ಕಾಲಿಟ್ಟ ಕ್ಷಣವೇ ಬಿದ್ದಿತ್ತು. ಮ್ಯೂಸಿಯಮ್ಮಿನ ಒಂದು ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಅರ್ಧ ಆಯುಷ್ಯ ಸವೆಸಿದವನಿಗೆ ಯಾವ ಕೋಣೆಗೆ ಹೋದರೂ ಮೊದಲು ಕಾಣುವುದು ಅಲ್ಲಿಂದ ಏನು ಕಳುವಾಗಬಹುದು ಎಂಬುದೇ. ಬಾಡಿದ ಹೂವು, ಗಾಜಿನ ಹೂದಾನಿ, ಅರ್ಧಕ್ಕೆ ನೀರು. ಹಿಂದೆ ಇದೇ ಮಂಚದ ಮೇಲೆ ಮಲಗಿದ್ದ ಯಾರಿಗೋ ಯಾರೋ ತಂದುಕೊಟ್ಟದ್ದಿರಬೇಕು. ಹೇಳಿಬಿಡಬೇಕು ಅಂದುಕೊಂಡ. ಹೇಳಲಿಲ್ಲ. ಹೇಳದೆ ಇದ್ದದ್ದು ಕುಡಿಯುವ ಆಸೆಯಿಂದಲೋ, ಇನ್ನೊಬ್ಬರ ಕಾವಲಿನಲ್ಲಿ ಹುಳುಕು ಹುಡುಕಿ ಒಳಗೊಳಗೇ ಸುಖಪಡುವ ಹಳೆಯ ಚಾಳಿಯಿಂದಲೋ ಅವನಿಗೇ ತಿಳಿಯಲಿಲ್ಲ. ಇತ್ತೀಚೆಗೆ ತನ್ನ ಬಗ್ಗೆ ತನಗೇ ತಿಳಿಯದ ಸಂಗತಿಗಳು ಹೆಚ್ಚಾಗುತ್ತಿದ್ದವು.

ಅವಳು ಬಾಗಿಲ ಬಳಿ ಕುರ್ಚಿ ಎಳೆದು ಕೂತಳು. ತನ್ನ ಮಗಳಿಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಈತ ಒಂದು ಹನಿ ನೀರನ್ನೂ ಬಾಯಿಗೆ ಹಾಕದಂತೆ ನೋಡಿಕೊಳ್ಳುವುದೇ ಇವತ್ತು ಅವಳ ಕೆಲಸ. ಕಾಯುವವನನ್ನೇ ಕಾಯುವ ಕಾಲ ಬಂತಲ್ಲ ಎಂದು ನಗು ಬಂತು. ನಕ್ಕರೆ ಒಣಗಿದ ತುಟಿ ಬಿರಿಯಿತು. ಅವಳು ಕಾಯುವ ರೀತಿಯೇ ಅವನಿಗೆ ಸರಿಬರಲಿಲ್ಲ. ಮುಖ ನೋಡುತ್ತಿದ್ದಳು. ಮುಖ ನೋಡಿ ಏನು ಬಂತು, ಕದಿಯುವುದು ಕೈ ತಾನೆ? ನಡುನಡುವೆ ಮೊಬೈಲನ್ನೂ ನೋಡುತ್ತಿದ್ದಳು.

"ಸಿಸ್ಟರ್, ಕೂತು ಕಾಯೋದಾದ್ರೆ ಬೆನ್ನನ್ನ ಗೋಡೆಗೆ ಕೊಡ್ಬೇಡಿ. ನಿದ್ದೆ ಬರುತ್ತೆ."

"ನನಗೇನೂ ಬರಲ್ಲ ಅಂಕಲ್. ನೀವು ಮಾತಾಡ್ತಾ ಇದ್ರೆ ಬಾಯಿ ಇನ್ನೂ ಒಣಗುತ್ತೆ, ಸುಮ್ನಿರಿ."

ಇದು ಪರೀಕ್ಷೆ. ಏನು ಪರೀಕ್ಷೆ ಎಂದು ಹಾರ್ಮೋನ್ ಡಾಕ್ಟರಮ್ಮ ಹಿಂದಿನ ವಾರವೇ ಬಿಡಿಸಿ ಹೇಳಿದ್ದರು. ಅವತ್ತು ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೈಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತಿದ್ದಳು. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ, ಪಿಟ್ಯುಟರಿ ಅಂತ. ಅದರ ಹಿಂಭಾಗದಿಂದ ವಾಸೊಪ್ರೆಸಿನ್ ಅನ್ನುವ ಹಾರ್ಮೋನ್ ರಕ್ತಕ್ಕೆ ಇಳಿಯುತ್ತದೆ. ತಯಾರಾಗುವುದು ಮೇಲೆ ಮೆದುಳಿನಲ್ಲಿ, ಕೂಡಿಟ್ಟುಕೊಳ್ಳುವುದು ಮತ್ತು ಬೇಕಾದಾಗ ಬಿಡುವುದು ಈ ಹಿಂಭಾಗ. "ಅದು ಹೋಗಿ ಕಿಡ್ನಿಗೆ ಹೇಳೋದು ಇಷ್ಟೇ, ನೀರನ್ನ ಹಿಡಿದಿಟ್ಕೋ, ಬಿಡಬೇಡ ಅಂತ. ನಿಮಗೆ ಅದು ಬರ್ತಾ ಇಲ್ವೇನೋ ಅಂತ ನನ್ನ ಅನುಮಾನ. ಹೇಳೋರು ಇಲ್ಲದಿದ್ರೆ ಕಿಡ್ನಿ ಎಲ್ಲಾನೂ ಬಿಟ್ಟುಬಿಡುತ್ತೆ. ಕುಡಿದಿದ್ದು ಕುಡಿದ ಹಾಗೇ ಹೊರಗೆ. ಮತ್ತೆ ಬಾಯಾರಿಕೆ, ಮತ್ತೆ ಕುಡಿಯೋದು."

"ಅನುಮಾನ ಅಂದ್ರೆ?" ಎಂದಿದ್ದಳು ಹೆಂಡತಿ.

"ಇನ್ನೊಂದೂ ಇರಬಹುದಮ್ಮ. ಕೆಲವರಿಗೆ ಮನಸ್ಸಿನ ಒತ್ತಡಕ್ಕೆ ನೀರು ಕುಡಿಯೋದೇ ಚಟ ಆಗಿರುತ್ತೆ. ಚಟ ಆದ್ರೆ, ನೀರು ನಿಲ್ಲಿಸಿ ಸ್ವಲ್ಪ ಹೊತ್ತಿಗೆ ಮೂತ್ರ ಗಟ್ಟಿಯಾಗುತ್ತೆ, ಹಳದಿ ಬರುತ್ತೆ. ರೋಗ ಆದ್ರೆ ಎಷ್ಟು ಹೊತ್ತು ನಿಲ್ಲಿಸಿದ್ರೂ ನೀರಿನ ಹಾಗೇ ಹೋಗ್ತಾ ಇರುತ್ತೆ."

ಹೆಂಡತಿ ಆಗ ಅವನ ಕಡೆ ತಿರುಗಿ ನೋಡಿದ್ದಳು. ಆ ನೋಟ ಅವನಿಗೆ ಇವತ್ತೂ ಚುಚ್ಚುತ್ತಿತ್ತು. ಅಲ್ಲಿಂದ ಇಲ್ಲಿಯವರೆಗೆ ಅವನ ಪ್ರಾರ್ಥನೆ ಒಂದೇ: ದೇವರೇ, ನನಗೆ ರೋಗ ಇರಲಿ. ಲೋಕದಲ್ಲಿ ಹೀಗೆ ಬೇಡಿಕೊಂಡವರು ಎಷ್ಟು ಜನರಿದ್ದಾರೋ. ಮ್ಯೂಸಿಯಮ್ಮಿನ ದೊಡ್ಡ ಅಧಿಕಾರಿ ಬಾಯಿಬಿಟ್ಟೇ ಹೇಳಿ ಕಳಿಸಿದ್ದರು: ರೋಗ ಅಂತ ಡಾಕ್ಟರು ಹೇಳಿದರೆ ನಿನ್ನ ಕುರ್ಚಿ ನಿನಗೆ, ಅಲ್ಲ ಅಂದರೆ ಈ ಕಡೆ ತಲೆ ಹಾಕಬೇಡ. ಕುರ್ಚಿ ಹೋದರೆ ಹೋಗಲಿ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಹಳದಿ ಬಂದರೆ ಅದಕ್ಕಿಂತ ದೊಡ್ಡದೊಂದು ಹೋಗುತ್ತಿತ್ತು. ತಾನು ಸುಳ್ಳುಗಾರ ಎಂದು ತನ್ನ ಮೈಯೇ ಸಾಕ್ಷಿ ಹೇಳಿದಂತಾಗುತ್ತಿತ್ತು.

ಮೂತ್ರದ ಮೊದಲ ಜಾಡಿಯನ್ನು ತುಂಬಿಸಿ ಕೊಟ್ಟಾಗ ಸಿಸ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಲ್ಲಿಯಿಂದ ಹಿಡಿದ ನೀರಿನಂತಿತ್ತು. ಅವನು ನಾಚಿ ಗೋಡೆ ನೋಡಿದ. ಗಾಜಿನ ಒಳಗಿಟ್ಟು ನೋಡುವುದು ಅವನಿಗೇನು ಹೊಸದಲ್ಲ; ಅವನ ಕೋಣೆಯಲ್ಲೂ ಜನ ಗಾಜಿಗೆ ಮೂಗು ಒತ್ತಿ ಒಂದು ದೋಣಿಯನ್ನು ನೋಡುತ್ತಾರೆ. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಹಳೆಯ ದೋಣಿ, ನದಿಯ ಕೆಸರಿನಿಂದ ಎತ್ತಿ ತಂದದ್ದು. ಶತಮಾನಗಟ್ಟಲೆ ಒದ್ದೆಯಾಗಿದ್ದ ಮರ. ಸುತ್ತಲ ಗಾಳಿ ಒಣಗಿದರೆ ಸೀಳು ಬಿಡುತ್ತದೆ. ಅದಕ್ಕೇ ಗಾಜಿನ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಅಗಲವಾದ ತಟ್ಟೆಗಳಲ್ಲಿ ನೀರಿಟ್ಟಿರುತ್ತಾರೆ. ನೀರು ಆವಿಯಾಗಿ ಒಳಗಿನ ಗಾಳಿ ತೇವವಾಗುತ್ತದೆ, ದೋಣಿ ಆ ತೇವ ಕುಡಿದು ಬಾಳುತ್ತದೆ. ಖಾನೆಯ ಕೀಲಿ ಅವನ ಸೊಂಟದಲ್ಲಿ. ಬೆಳಿಗ್ಗೆ ಬಂದವನೇ ತಟ್ಟೆಗಳಿಗೆ ನೀರು ಹೊಯ್ದು, ಗಾಜು ಒರೆಸಿ, ಆಮೇಲೆ ಕುರ್ಚಿಯಲ್ಲಿ ಕೂರುವುದು. ಮನೆಯ ಗಿಡಕ್ಕೆ ಒಂದು ದಿನ ನೀರು ಹಾಕಿದವರಲ್ಲ, ಸತ್ತ ದೋಣಿಗೆ ದಿನಾ ಕುಡಿಸ್ತೀರಿ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಆಡಿಕೊಳ್ಳಲಿ. ಆ ದೋಣಿ ತನ್ನ ಕೈಯಿಂದ ಬದುಕಿದೆ ಎಂಬುದು ಅವನ ಏಕೈಕ ಜಂಬವಾಗಿತ್ತು, ಬಡವನ ಜಂಬ ಯಾರಿಗೂ ಭಾರವಲ್ಲ.

ಬಾಯಾರಿಕೆ ಒಂದು ದಿನ ಸುಮ್ಮನೆ ಬಂದು ಕೂತಿತು, ಹೇಳದೆ ಕೇಳದೆ ಬಂದ ನೆಂಟನಂತೆ, ಮತ್ತೆ ಏಳಲಿಲ್ಲ. ಗಂಟಲು ಒಣಗುವುದಾದರೆ ಗುಟುಕು ನೀರಿಗೆ ತೀರುತ್ತಿತ್ತು. ಇದು ಎಲುಬಿನ ಒಳಗಿನಿಂದ ಹೊರಡುತ್ತಿತ್ತು. ತಣ್ಣೀರೇ ಬೇಕು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು, ಕುಡಿದು ಲೋಟ ಕೆಳಗಿಡುವ ಮುಂಚೆ ಮತ್ತೆ ಬೇಕು. ಕುಡಿದರೆ ಹೋಗಲೇಬೇಕು, ಹೋಗಿ ಬಂದರೆ ಕುಡಿಯಲೇಬೇಕು. ನೀರು ಕುಡಿದಷ್ಟು ಸುಲಭ ಎಂದು ಜನ ಬಾಯಿಗೆ ಬಂದಂತೆ ಹೇಳುತ್ತಾರೆ, ಅವರಿಗೇನು ಗೊತ್ತು. ಅವನು ಈ ಊರನ್ನು ಶೌಚಾಲಯಗಳ ಲೆಕ್ಕದಲ್ಲಿ ಹೊಸದಾಗಿ ಕಲಿತ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿಗಾಗಿ ಮುದುಕಿಯೊಬ್ಬಳ ಜತೆ ಜಗಳವಾಡಿದ. ಮ್ಯೂಸಿಯಮ್ಮಿನಲ್ಲಿ ಅವನ ಹೆಸರು 'ಟ್ಯಾಂಕರ್' ಆಯಿತು. ಟ್ಯಾಂಕರ್ ಬಂತು ದಾರಿ ಬಿಡಿ ಎಂದು ಜತೆಯವರು ಗೋಡೆಗೆ ಸರಿದು ನಿಲ್ಲುತ್ತಿದ್ದರು, ಅವನೂ ಎಲ್ಲರ ಜತೆ ನಗುತ್ತಿದ್ದ. ಬದಲಿಗೆ ಬರುವವನು ಬಾರದೆ ಕುರ್ಚಿ ಬಿಟ್ಟೇಳುವಂತಿಲ್ಲ. ಅವನು ತಡಮಾಡಿದ ಒಂದು ಮಧ್ಯಾಹ್ನ ಪ್ರವಾಸಿಗರ ಗುಂಪು ತುಂಬಿದ ಕೋಣೆಯಲ್ಲಿ ಇವನು ಬೆನ್ನನ್ನು ಗೋಡೆಗೆ ಅಂಟಿಸಿ, ಮುಗಿಯುವವರೆಗೆ ಚಾವಣಿ ನೋಡುತ್ತ ನಿಂತಿದ್ದ. ಅವತ್ತು ಪ್ಯಾಂಟನ್ನು ತಾನೇ ಒಗೆದ. ಹೆಂಡತಿ ನೋಡಿದಳು, ಕೇಳಲಿಲ್ಲ, ಕೇಳಿದ್ದರೇ ಚೆನ್ನಾಗಿತ್ತು.

ನೀರಿನ ಬಾಟಲಿಯನ್ನು ದೋಣಿಯ ಕೋಣೆಯೊಳಗೆ ಯಾರೂ ತರುವಂತಿಲ್ಲ. ಆದರೆ ನೀರು ಅಲ್ಲೇ ಇತ್ತಲ್ಲ, ಕೈಗೆಟುಕುವಷ್ಟು ಹತ್ತಿರ, ಅವನದೇ ಕೀಲಿಯ ಹಿಂದೆ. ಮೊದಲ ಸಲ ಒಂದು ಗುಟುಕು, ನಾಳೆ ಹೆಚ್ಚು ಹೊಯ್ದರಾಯಿತು ಎಂದು. ಆಮೇಲೆ ಜನ ಕಡಿಮೆ ಇರುವ ಹೊತ್ತಿಗೆ ಕಾಯತೊಡಗಿದ. ಮಂಡಿಯೂರಿ ಖಾನೆ ಎಳೆದು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಅಂಚಿಗೆ ತುಟಿ ಹಚ್ಚಿ. ರುಚಿಯೇ ಇಲ್ಲದ ನೀರು, ಅದಕ್ಕಿಂತ ರುಚಿಯಾದದ್ದನ್ನು ಅವನು ಬದುಕಿನಲ್ಲಿ ಕುಡಿದಿರಲಿಲ್ಲ. ಪೆಟ್ಟಿಗೆಯೊಳಗಿನ ತೇವ ಅಳೆಯುವ ಮಾಪಕದ ಮುಳ್ಳು ಇಳಿಯುತ್ತ ಹೋಯಿತು. ಗಾಜಿನಲ್ಲಿ ಎಲ್ಲೋ ಸಂದಿ ಬಿಟ್ಟಿದೆ ಎಂದು ಮರದ ಮೇಡಂ ಅಂಚಿಗೆಲ್ಲ ಮೇಣ ಹಚ್ಚಿಸಿದರು. ಮರದ ವಸ್ತುಗಳ ಆರೈಕೆ ನೋಡಿಕೊಳ್ಳುವ ಆಕೆಗೆ ಆ ಅಡ್ಡಹೆಸರು ಇಟ್ಟವನು ಅವನೇ. ಮೇಣ ಹಚ್ಚುವಾಗ ಏಣಿ ಹಿಡಿದು ನಿಂತವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಮೇಣ ಏನು ಮಾಡೀತು. ಆಮೇಲೊಂದು ದಿನ ತಟ್ಟೆ ಕೆಳಗಿಟ್ಟು ಗಲ್ಲ ಒರೆಸಿಕೊಳ್ಳುತ್ತ ತಲೆಯೆತ್ತಿದರೆ ಬಾಗಿಲಲ್ಲಿ ಆಕೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬೈಯಲಿಲ್ಲ. "ಅದು ಕುಡಿಯೋ ನೀರಲ್ಲ," ಎಂದರು, ಅಷ್ಟೇ. ಆಮೇಲೆ ಅವನನ್ನು ದಾಟಿ ಬಂದು ದೋಣಿಯ ಮೂತಿಗೆ ಟಾರ್ಚ್ ಹಿಡಿದರು. ಕೂದಲೆಳೆಯಷ್ಟು ಒಂದು ಬಿರುಕು. ನಿನ್ನೆ ಇರಲಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿತ್ತು, ಆ ದೋಣಿಯ ಮೈಮೇಲೆ ಅವನಿಗೆ ತಿಳಿಯದ ಗೆರೆ ಇರಲಿಲ್ಲ. ಸೊಂಟದ ಕೀಲಿಯನ್ನು ಬಿಚ್ಚಿ ಆಕೆಯ ಕೈಗಿತ್ತ. ದೋಣಿಯ ಪಾಲಿನ ನೀರನ್ನು ಅವನು ಕುಡಿದಿದ್ದ.

ಎರಡನೆಯ ಜಾಡಿಯೂ ತಿಳಿಯಾಗಿತ್ತು. ಸಿಸ್ಟರ್ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ತೋಳಿನಿಂದ ಒಂದಿಷ್ಟು ರಕ್ತ ತೆಗೆದುಕೊಂಡಳು. ನಾಲಿಗೆ ಮರದ ಚೂರಿನಂತೆ ಬಾಯಿಗೆ ಅಂಟಿಕೊಳ್ಳುತ್ತಿತ್ತು. ಹೊರಗೆ ಕಾರಿಡಾರಿನಲ್ಲಿ ಹೆಂಡತಿ ಬೆಂಚಿನ ಮೇಲಿದ್ದಳು. ಬಾಗಿಲು ತೆರೆದಾಗಲೆಲ್ಲ ಅವಳ ಚಪ್ಪಲಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅವಳು ಕೆಟ್ಟವಳಲ್ಲ. ಮೊದಲು ತೋರಿಸಿದ್ದ ಮನಸ್ಸಿನ ಡಾಕ್ಟರು, ಕುಡಿಯುವ ಮುಂಚೆ ನೂರರವರೆಗೆ ಎಣಿಸಲಿ ಅಂದಾಗ ಅವನ ಜತೆ ನಲ್ಲಿಯ ಮುಂದೆ ನಿಂತು ತಾನೂ ಎಣಿಸುತ್ತಿದ್ದವಳು ಅವಳು. ಆಮೇಲೆ ತಾಳ್ಮೆ ಕೆಟ್ಟಿತು. ಫ್ರಿಜ್ಜಿನ ಬಾಟಲಿಗಳನ್ನು ಬಟ್ಟೆಯ ಬೀರುವಿನಲ್ಲಿ ಬಚ್ಚಿಟ್ಟಳು. ಮಗುವಿಗೆ ಔಷಧಿ ಕುಡಿಸುವ ಪುಟ್ಟ ಲೋಟದಲ್ಲಿ ಅವನಿಗೆ ನೀರು ಅಳೆದು ಕೊಟ್ಟಳು. ಕೆಲಸದಿಂದ ಹೊರಗಿಟ್ಟ ಸುದ್ದಿ ಮನೆಗೆ ಬಂದ ದಿನ, "ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ, ನೀವೇನು ತಿಂದಿರಿ ಅಂತ ಹೇಳಿಬಿಡಿ, ನನ್ನ ಹತ್ರ ಬಚ್ಚಿಡಬೇಡಿ," ಎಂದು ಅತ್ತಳು. ಹೇಳಲು ಏನಿತ್ತು? ಮಾಡಿದ ಪಾಪಗಳನ್ನೆಲ್ಲ ಅವನು ಕೂತು ಹುಡುಕಿದ್ದ. ಇಷ್ಟು ಬಾಯಾರಿಕೆಗೆ ಸಾಲುವಷ್ಟು ದೊಡ್ಡದು ಒಂದೂ ಸಿಗಲಿಲ್ಲ. ಮನೆಯಲ್ಲಿ ಅವನನ್ನು ನಂಬಿದವಳು ಮಗಳು ಒಬ್ಬಳೇ. ಹಸುಗೂಸಿನೊಂದಿಗೆ ಬಂದು ಉಳಿದಿದ್ದ ಅವಳೂ ಹಾಲೂಡಿಸಲು ಕೂತರೆ ಸಾಕು, ಬಾಯಾರಿಕೆ ಎಂದು ಒದ್ದಾಡುತ್ತಿದ್ದಳು. ಬೆಳಗಿನ ಜಾವ ಅಡುಗೆಮನೆಯಲ್ಲಿ ಅಪ್ಪ ಮಗಳು ಇಬ್ಬರೂ ಒಂದೇ ಹೂಜಿಗೆ ಕೈಹಾಕುತ್ತಿದ್ದರು. "ಅಪ್ಪಾ, ನನಗೆ ಕುಡಿದ್ರೆ ಸಾಕು ಅನ್ಸುತ್ತೆ. ನಿನಗೆ ಅನ್ಸೋದೇ ಇಲ್ವಾ?" ಎಂದು ಒಮ್ಮೆ ಕೇಳಿದ್ದಳು. ಡಾಕ್ಟರುಗಳೂ ಕೇಳದ ಪ್ರಶ್ನೆ. ಹಾರ್ಮೋನ್ ಡಾಕ್ಟರಮ್ಮನ ಹತ್ತಿರ ಹೋಗಿ ಎಂದು ಹಟ ಹಿಡಿದವಳೂ ಅವಳೇ.

ಮಧ್ಯಾಹ್ನದ ಹೊತ್ತಿಗೆ ಕೋಣೆಯ ಗೋಡೆಗಳು ತೆಳ್ಳಗಾದಂತೆ, ಆಸ್ಪತ್ರೆಯ ಎಲ್ಲ ನೀರಿನ ಸದ್ದೂ ಅವನಿಗೇ ಕೇಳತೊಡಗಿತು. ಮೇಲಿನ ಮಹಡಿಯಲ್ಲಿ ಯಾರೋ ಬಕೆಟ್ ತುಂಬಿಸುತ್ತಿದ್ದರು. ಎಲ್ಲೋ ಪಾತ್ರೆ ತೊಳೆಯುತ್ತಿದ್ದರು. ಇಷ್ಟಾದರೂ ಅವನಿಗೆ ತನ್ನ ಮೇಲೇ ಗುಮಾನಿ. ಜಾಡಿ ತಿಳಿಯಾಗಿದೆ ಎಂದರೆ ಎಲ್ಲಾದರೂ ಗೊತ್ತಿಲ್ಲದೆ ಕುಡಿದುಬಿಟ್ಟೆನೇ? ಸ್ನಾನ ಮಾಡುವಾಗ? ನಿದ್ದೆಗಣ್ಣಿನಲ್ಲಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಕೋಣೆಯಿಂದ ಯಾರೋ ಕೂಗಿದರು, ಸಿಸ್ಟರ್ ಎದ್ದು, "ಒಂದು ನಿಮಿಷ ಅಂಕಲ್," ಎಂದು ಬಾಗಿಲು ಎಳೆದುಕೊಂಡು ಹೋದಳು. ಕಾವಲು ಬಿಟ್ಟು ಎದ್ದುಹೋಗಬಾರದು, ಬದಲಿಗೆ ಯಾರನ್ನಾದರೂ ಕೂರಿಸಿ ಹೋಗಬೇಕು ಎಂದು ಅವನ ತಲೆ ಹೇಳುತ್ತಿದ್ದ ಹಾಗೇ ಅವನ ಕಾಲುಗಳು ಕಿಟಕಿಯ ಬಳಿ ತಲುಪಿದ್ದವು. ಪರದೆ ಸರಿಸಿದ. ಹೂದಾನಿ ಬಿಸಿಲಿಗೆ ಹೊಳೆಯುತ್ತಿತ್ತು. ನೀರಿನಲ್ಲಿ ಒಂದು ಕೊಳೆತ ಎಲೆ. ಅವನ ಕೈಗಳು ಅದನ್ನು ಎತ್ತಿಕೊಂಡ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎರಡೂ ಕೈ, ಹೆಬ್ಬೆರಳು ಅಂಚಿನ ಮೇಲೆ, ತಟ್ಟೆ ಎತ್ತಿದ ಹಾಗೆಯೇ. ವಾಸನೆ ಮೂಗಿಗೆ ಬಡಿಯಿತು. ನಾರುವ ನೀರು, ಆದರೂ ನೀರೇ. ಒಂದು ಗುಟುಕಿಗೆ ಯಾವ ಜಾಡಿ ಬದಲಾದೀತು? ಯಾರು ನೋಡುತ್ತಾರೆ? ದೋಣಿಯ ಮುಂದೆಯೂ ಅವನು ಇದನ್ನೇ ಕೇಳಿಕೊಂಡಿದ್ದ, ಅಕ್ಷರಶಃ ಇದನ್ನೇ. ದೋಣಿ ನೋಡಿತ್ತು. ಅದರ ಮೂತಿ ಬಿರಿದಿತ್ತು. ಹೂದಾನಿಯನ್ನು ಕೈಯಿಂದ ಕೆಳಗಿಡಲು ಆಗಲಿಲ್ಲ, ಇಟ್ಟರೆ ಮತ್ತೆ ಎತ್ತಿಕೊಳ್ಳುತ್ತೇನೆ ಎಂದು ಗೊತ್ತಿತ್ತು. ಚೆಲ್ಲುವಂತೆಯೂ ಇಲ್ಲ, ಖಾಲಿ ಹೂದಾನಿ ಕಂಡರೆ ಕುಡಿದ ಅನ್ನುತ್ತಾರೆ. ಅದನ್ನು ಎದೆಗವಚಿಕೊಂಡು ಹೋಗಿ ಮೊಣಕೈಯಿಂದ ಬಾಗಿಲು ತೆರೆದ.

ಬೆಂಚಿನ ಮೇಲಿಂದ ಹೆಂಡತಿ ತಲೆಯೆತ್ತಿದಳು. ಅವಳ ಕಣ್ಣು ಅವನ ಮುಖಕ್ಕೆ, ಹೂದಾನಿಗೆ, ಅವನ ತುಟಿಗೆ ಹೋಯಿತು. ಮರದ ಮೇಡಂ ಬಾಗಿಲಲ್ಲಿ ನಿಂತು ನೋಡಿದ ಅದೇ ನೋಟ.

"ತಗೋ ಇದನ್ನ," ಎಂದ. ನಾಲಿಗೆ ತಿರುಗದೆ ಮಾತು ತೊದಲಿತು. "ಆ ಹುಡುಗಿ ನೋಡ್ಲಿಲ್ಲ. ಬೆಳಿಗ್ಗೆಯಿಂದ ಅಲ್ಲೇ ಇತ್ತು. ತಗೊಂಡು ಎಲ್ಲಾದ್ರೂ ದೂರ ಇಡು."

ಅವಳು ಎದ್ದು ಬಂದು ಹೂದಾನಿಯನ್ನು ಇಸಿದುಕೊಂಡಳು. ಒಳಗೆ ಬಗ್ಗಿ ನೋಡಿದಳು. ಗಾಜಿನ ಒಳಮೈಗೆ ಹಳೆಯ ಪಾಚಿಯ ಗೆರೆ ಇತ್ತು, ನೀರು ಸರಿಯಾಗಿ ಆ ಗೆರೆಗೇ ನಿಂತಿತ್ತು. ಅವನ ತುಟಿ ಸುಟ್ಟ ಹಾಗೆ ಒಣಗಿ ಬಿರಿದಿತ್ತು. ಅವಳು ಹೂದಾನಿಯನ್ನು ನೋಡಿದಳು, ತುಟಿಯನ್ನು ನೋಡಿದಳು, ಮತ್ತೆ ಹೂದಾನಿಯನ್ನು ನೋಡಿದಳು.

"ಬೆಳಿಗ್ಗೆಯಿಂದ?" ಎಂದಳು.

"ಬೆಳಿಗ್ಗೆಯಿಂದ."

ಅವಳು ಹೂದಾನಿಯನ್ನು ದೂರ ಇಡಲಿಲ್ಲ. ಬೆಂಚಿಗೆ ಹೋಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಬಳಸಿ ಹಿಡಿದು ಕೂತಳು. ಓಡಿ ಬಂದ ಸಿಸ್ಟರ್ ಗಾಬರಿಯಾಗಿ ಏನೋ ಹೇಳಹೋದರೆ, "ಕುಡಿದಿಲ್ಲ," ಎಂದು ಅವಳೇ ಗದರಿದಳು, "ನಮ್ಮೋರು ಕುಡಿದಿಲ್ಲ. ನಾನು ನೋಡಿದೀನಿ. ನೀವು ನಿಮ್ಮ ಜಾಗ ಬಿಟ್ಟು ಹೋಗ್ಬೇಡಿ." ಒಳಗೆ ಮಂಚಕ್ಕೆ ಬಂದು ಕೂತವನಿಗೆ ಆ 'ನಮ್ಮೋರು' ಎಂಬ ಮಾತು ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದದ್ದು ಎಂದು ಹೊಳೆಯಿತು. ಅಳಲಿಲ್ಲ, ಅಳಲು ನೀರಿರಲಿಲ್ಲ.

ಡಾಕ್ಟರಮ್ಮ ಬಂದಾಗ ಕೊನೆಯ ಜಾಡಿಯೂ, ರಕ್ತದ ವರದಿಯೂ ಅವರ ಮುಂದಿದ್ದವು. ಜಾಡಿಯನ್ನು ಅವನೇ ತಂದುಕೊಟ್ಟಿದ್ದ. ಇಷ್ಟು ಒಣಗಿದ ಮೈಯಿಂದ ಇಷ್ಟು ತಿಳಿಯಾದದ್ದು ಹೇಗೆ ಬಂತು ಎಂದು ಅವನಿಗೇ ಆಶ್ಚರ್ಯ. ಡಾಕ್ಟರಮ್ಮ ಹೆಂಡತಿಯನ್ನೂ ಒಳಗೆ ಕರೆದರು. ಅವಳು ಹೂದಾನಿಯ ಸಮೇತ ಬಂದಳು.

"ನೋಡಿ, ರಕ್ತ ಗಟ್ಟಿಯಾಗ್ತಾ ಹೋಗಿದೆ, ಮೈಯಲ್ಲಿ ನೀರಿಲ್ಲ. ಆದ್ರೂ ಕಿಡ್ನಿ ನೀರು ಬಿಡ್ತಾನೇ ಇದೆ. ಇದನ್ನ ಯಾರೂ ಬೇಕು ಅಂತ ಮಾಡೋಕಾಗಲ್ಲ. ಮನಸ್ಸು ಎಷ್ಟೇ ಗಟ್ಟಿ ಮಾಡ್ಕೊಂಡ್ರೂ ತಡೆಯೋಕೂ ಆಗಲ್ಲ. ಇದು ಚಟ ಅಲ್ಲಮ್ಮ."

ಚಟ ಅಲ್ಲ. ಅವನು ಮನಸ್ಸಿನಲ್ಲೇ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ರೋಗ. ಎಂಥ ಅಂದವಾದ ಮಾತು. ಮೈಮೇಲಿದ್ದ ಕಲ್ಲೊಂದನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಟ್ಯಾಂಕರ್ ಎಂದು ನಕ್ಕವರನ್ನೆಲ್ಲ ಈ ಕೋಣೆಗೆ ಕರೆಸಿ ಸಾಲಾಗಿ ನಿಲ್ಲಿಸಿ ಆ ಮಾತನ್ನು ಇನ್ನೊಮ್ಮೆ ಹೇಳಿಸಬೇಕು ಅನ್ನಿಸಿತು. ಅವನ ತಲೆಯೊಳಗೂ ಒಬ್ಬ ಕಾವಲುಗಾರನಿದ್ದ, ಅವನು ಕುರ್ಚಿ ಬಿಟ್ಟು ಎದ್ದುಹೋಗಿದ್ದ, ಅಷ್ಟೇ ನಡೆದದ್ದು.

"ಇನ್ನರ್ಧ ಬಾಕಿ ಇದೆ," ಎಂದರು ಡಾಕ್ಟರಮ್ಮ. "ಆ ಹಾರ್ಮೋನಿನ ಹಾಗೇ ಕೆಲಸ ಮಾಡೋ ಔಷಧಿ ಈಗ ಕೊಡ್ತೀವಿ. ಗ್ರಂಥಿಯಲ್ಲೇ ಕೊರತೆ ಇದ್ರೆ, ಇದು ಹೋಗಿ ಹೇಳಿದ ಕೂಡ್ಲೇ ಕಿಡ್ನಿ ಕೇಳುತ್ತೆ. ಕೇಳಿದ್ರೆ ಮೂತ್ರ ಹಳದಿ ಬರುತ್ತೆ. ಕೇಳ್ಲಿಲ್ಲ ಅಂದ್ರೆ ಕಿಡ್ನಿಯೇ ಕಿವುಡಾಗಿದೆ ಅಂತ ಅರ್ಥ. ಅದು ಸ್ವಲ್ಪ ಕಷ್ಟ."

ಬೆಳಿಗ್ಗೆಯಿಂದ ಯಾವುದು ಬಾ‌ರದಿರಲಿ ಎಂದು ಬೇಡಿಕೊಂಡಿದ್ದನೋ ಅದೇ ಬರಲಿ ಎಂದು ಈಗ ಬೇಡಿಕೊಳ್ಳಬೇಕು. ದೇವರು ಇವನನ್ನು ನಂಬುವುದಾದರೂ ಹೇಗೆ ಎಂದು ಅವನಿಗೇ ಚಿಂತೆಯಾಯಿತು. ಸೂಜಿ ಚುಚ್ಚಿದರು. ಸಿಸ್ಟರ್ ಅಳತೆಯ ನೀರು ತಂದುಕೊಟ್ಟಳು. ಅವನು ಅದನ್ನು ಎಂದಿನಂತೆ ಒಂದೇ ಉಸಿರಿಗೆ ಹೀರಿ ಲೋಟದ ತಳ ನೋಡಿದ. ಎಂದಿನಂತೆ ಬೆಂಕಿಗೆ ಹನಿ ಬಿದ್ದ ಹಾಗಿತ್ತು. ಔಷಧಿಯೂ ಸೋತಿತೇ?

ಅಷ್ಟರಲ್ಲಿ ಮಗಳು ಬಂದಳು, ಭುಜದ ಮೇಲೆ ಮಲಗಿದ ಮಗು, ಬೆವರಿದ ಮುಖ. "ಏನಾಯ್ತು ಅಪ್ಪಾ?" ಎಂದಳು. "ರೋಗ!" ಎಂದ ಅವನು, ಮದುವೆ ಗೊತ್ತಾಯಿತು ಎನ್ನುವ ದನಿಯಲ್ಲಿ. ಮಗಳು ಜೋರಾಗಿ ನಕ್ಕಳು, ಮಗು ಎದ್ದು ಅತ್ತಿತು, ಅವಳು ಥಟ್ಟನೆ ಸೆರಗನ್ನು ಎದೆಗೆ ಒತ್ತಿ ಹಿಡಿದು ಗೋಡೆಯ ಕಡೆ ತಿರುಗಿದಳು. "ನೋಡಿ ಡಾಕ್ಟ್ರೇ, ಇದು ಅತ್ತರೆ ಸಾಕು, ನನ್ನ ಮೈ ನನ್ನ ಮಾತೇ ಕೇಳಲ್ಲ. ಬಸ್ಸಲ್ಲಿ ಬೇರೆ ಯಾರದೋ ಮಗು ಅತ್ತರೂ ಹಾಲು ಇಳಿದುಬಿಡುತ್ತೆ, ಮಾನ ಹೋಗುತ್ತೆ."

ಬಾಗಿಲ ಹತ್ತಿರ ಹೋಗಿದ್ದ ಡಾಕ್ಟರಮ್ಮ ನಿಂತರು. "ಅದೂ ಅಲ್ಲಿಂದಲೇ. ನಿಮ್ಮ ತಂದೆಗೆ ಕೈ ಕೊಟ್ಟಿದೆಯಲ್ಲ, ಅದೇ ಗ್ರಂಥಿ, ಅದೇ ಹಿಂಭಾಗ. ಆಕ್ಸಿಟೋಸಿನ್ ಅಂತ ಇನ್ನೊಂದು. ಮಗು ಬಾಯಿ ಇಟ್ರೆ, ಕೆಲವು ಸಲ ಅಳು ಕೇಳಿದ್ರೂ ಸಾಕು, ಅದು ಹಾಲು ಬಿಡು ಅನ್ನುತ್ತೆ."

ಅವರು ಹೋದ ಮೇಲೆ ಮಗಳು ಮೂಲೆಯ ಕುರ್ಚಿಯಲ್ಲಿ ಗೋಡೆಗೆ ಮುಖಮಾಡಿ ಮಗುವನ್ನು ಸಮಾಧಾನ ಮಾಡಿದಳು. ಅವನು ಯೋಚಿಸುತ್ತ ಕೂತ. ಒಂದು ಹಿಡಿ ಅನ್ನುತ್ತದೆ, ಒಂದು ಬಿಡು ಅನ್ನುತ್ತದೆ, ಎರಡೂ ಒಂದೇ ಬಾಗಿಲಿನಿಂದ ಬರುತ್ತವೆ. ಬಸ್ಸಿನಲ್ಲಿ ಒದ್ದೆಯಾದ ಮಗಳ ಸೆರಗು, ಮ್ಯೂಸಿಯಮ್ಮಿನ ಗೋಡೆಗೆ ಅಂಟಿ ನಿಂತ ತನ್ನ ಪ್ಯಾಂಟು. ಇವಳಿಗೂ ನಾಚಿಕೆಯಾಗಿತ್ತು, ಆದರೆ ಪಾಪ ಮಾಡಿದೆ ಎಂದು ಇವಳು ಒಂದು ಗಳಿಗೆಯೂ ಅಂದುಕೊಂಡಿರಲಿಲ್ಲ. ತಾನೇಕೆ ಅಂದುಕೊಂಡೆ? ದೋಣಿಯ ವಿಷಯ ಬೇರೆ, ಅದು ತಪ್ಪೇ, ರೋಗವಿದ್ದರೂ ತಪ್ಪೇ. ಮೂತಿಯ ಬಿರುಕಿಗೆ ಮೇಡಂ ಏನಾದರೂ ತುಂಬಿಸಿಯಾರು, ಗೆರೆ ಉಳಿದೇ ಉಳಿಯುತ್ತದೆ, ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೇಡಂ ಕೈಯಿಂದ ಕೀಲಿಯನ್ನು ಕೇಳಿ ಇಸಿದುಕೊಳ್ಳುತ್ತೇನೆ, ಕೊಡದಿದ್ದರೆ ಕೊಡುವವರೆಗೆ ದಿನಾ ಕೇಳುತ್ತೇನೆ. ಹೀಗೆ ಎಲ್ಲೆಲ್ಲೋ ಅಲೆದ ಮನಸ್ಸು ತಿರುಗಿ ಬಂದಾಗ ಕಿಟಕಿಯ ಬಿಸಿಲು ನೆಲದಿಂದ ಮೇಲೆದ್ದು ಮಂಚದ ಕಾಲಿಗೆ ಹತ್ತಿತ್ತು. ಮೇಲಿನ ಮಹಡಿಯ ಬಕೆಟ್ಟಿನ ಸದ್ದು ಕೇಳುತ್ತಿರಲಿಲ್ಲ. ಏನೋ ಒಂದು ಕಡಿಮೆಯಾಗಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಷ್ಟು ಹೊತ್ತೂ ಅವನಿಗೆ ಎದ್ದು ಹೋಗಬೇಕು ಅನ್ನಿಸಿರಲಿಲ್ಲ.

"ಸಿಸ್ಟರ್," ಎಂದ ಮೆಲ್ಲಗೆ, ಜೋರಾಗಿ ಹೇಳಿದರೆ ಓಡಿಹೋದೀತು ಎನ್ನುವಂತೆ. "ನನಗೆ ಬರ್ತಾ ಇಲ್ಲ."

"ಬರದಿದ್ರೆ ಒಳ್ಳೇದು ಅಂಕಲ್. ಕಾಯೋಣ."

ಕಾದರು. ಕಾಯುವುದು ಅವನಿಗೆ ಬರುತ್ತಿದ್ದ ಒಂದೇ ವಿದ್ಯೆ. ಕೊನೆಗೆ ಕರೆ ಬಂದಾಗ ಅದು ಬೇರೆಯದೇ ಕರೆ. ಬೆನ್ನಟ್ಟಿ ಓಡಿಸುವಂಥದಲ್ಲ, ಬಾಗಿಲಲ್ಲಿ ನಿಂತು ಪುರುಸೊತ್ತಾದಾಗ ಬಾ ಅನ್ನುವಂಥದು. ಜಾಡಿಯಲ್ಲಿ ಬಿದ್ದದ್ದು ಸ್ವಲ್ಪವೇ. ಅವನು ಅದನ್ನು ನೋಡಲಿಲ್ಲ, ಧೈರ್ಯ ಸಾಲಲಿಲ್ಲ, ಕಣ್ಣು ಮುಚ್ಚಿದ ಹಾಗೇ ತಂದು ಸಿಸ್ಟರ್ ಕೈಗಿತ್ತ. ಅವಳು ಕಿಟಕಿಯ ಬಳಿ ಹೋಗಿ ಬೆಳಕಿಗೆ ಹಿಡಿದಳು. ಮಗಳು ಕುರ್ಚಿ ತಿರುಗಿಸಿದಳು. ಹೆಂಡತಿ ಎದ್ದು ನಿಂತಳು.

"ಲ್ಯಾಬಿನವರು ಹೇಳ್ಬೇಕು, ನಾನು ಹೇಳೋ ಹಾಗಿಲ್ಲ," ಎಂದಳು ಸಿಸ್ಟರ್. ಅವಳ ಮುಖ ಮಾತ್ರ ಅರಳಿಹೋಗಿತ್ತು. "ನೀವೇ ನೋಡಿ ಅಂಕಲ್."

ಹಳದಿ. ಸಂಜೆ ಬಿಸಿಲಿಗೆ ಹೊಳೆಯುವ ಗಟ್ಟಿ ಹಳದಿ. ಬೆಳಿಗ್ಗೆ ನಾಚಿ ಗೋಡೆ ನೋಡಿದ್ದವನು ಈಗ ಸಿಸ್ಟರ್ ಕೈಯಿಂದ ಜಾಡಿಯನ್ನು ಕಿತ್ತುಕೊಂಡು ತಾನೇ ಬೆಳಕಿಗೆ ಹಿಡಿದು, ಹೆಂಡತಿಗೆ ತೋರಿಸಿ, ಮಗಳಿಗೆ ತೋರಿಸಿ, ಏನೂ ಅರ್ಥವಾಗದೆ ಕಣ್ಣು ಪಿಳುಕಿಸುತ್ತಿದ್ದ ಮಗುವಿಗೂ ತೋರಿಸಿದ. ಅವನ ಕೋಣೆಯ ಗಾಜಿನ ಹಿಂದೆ ಇಡಬೇಕಾದದ್ದು ಇದು, ಕೆಳಗೆ ಒಂದು ಚೀಟಿ ಹಚ್ಚಿ, ಮುಟ್ಟಬೇಡಿ ಎಂದು ಬರೆದು. "ಅಯ್ಯೋ, ಚೆಲ್ಲೀರಿ, ಲ್ಯಾಬಿಗೆ ಹೋಗ್ಬೇಕು ಅದು," ಎಂದು ಸಿಸ್ಟರ್ ಹಿಂದೆ ಹಿಂದೆ ಓಡಾಡಿದಳು. ಡಾಕ್ಟರಮ್ಮ ಬಂದು ನೋಡಿ, ನಕ್ಕು, ದಿನಾ ತೆಗೆದುಕೊಳ್ಳುವ ಮಾತ್ರೆಯಿದೆ, ಔಷಧಿಯ ಜತೆ ಬಾಯಾರಿಕೆ ಇಲ್ಲದೆ ಸುಮ್ಮನೆ ನೀರು ಕುಡಿಯಬಾರದು, ಮ್ಯೂಸಿಯಮ್ಮಿನವರಿಗೆ ನಾನೇ ಮಾತಾಡುತ್ತೇನೆ ಎಂದರು. ಹೆಂಡತಿಗೆ ಹೊಟ್ಟೆಗೆ ಹಾಲು ಹೊಯ್ದಂತಾಗಿರಬೇಕು, ಬೆಳಿಗ್ಗೆಯಿಂದ ಬಿಗಿದಿದ್ದ ಅವಳ ಭುಜ ಇಳಿಯಿತು. ಹೂದಾನಿಯನ್ನು ಕೊನೆಗೂ ಮೇಜಿನ ಮೇಲಿಟ್ಟಳು. ಜಗ್ ತರಿಸಿದಳು, ಲೋಟ ತರಿಸಿದಳು, ಮನೆಯಲ್ಲೇ ಅತಿ ದೊಡ್ಡದನ್ನು ಹುಡುಕುವವಳ ಹಾಗೆ ಆಸ್ಪತ್ರೆಯ ಲೋಟಗಳಲ್ಲೇ ದೊಡ್ಡದನ್ನು ಆರಿಸಿ ಅಂಚಿನವರೆಗೆ ತುಂಬಿಸಿ ಅವನ ಮುಂದೆ ಹಿಡಿದಳು. ಅಂಚು ಮೀರಿ ನೀರು ಅವನ ಮಂಡಿಯ ಮೇಲೆ ತುಳುಕಿತು.

"ಕುಡೀರಿ," ಎಂದಳು.

ಅವನು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ತಣ್ಣಗಿತ್ತು. ಗಂಟಲು ಇಳಿಯಿತು, ಎದೆ ಇಳಿಯಿತು, ಇಳಿದದ್ದು ಅಲ್ಲೇ ನಿಂತಿತು. ಕುಡಿಯುತ್ತ ಕುಡಿಯುತ್ತ ಅರ್ಧಕ್ಕೆ ಬಂದಾಗ ಅವನ ಬಾಯಿ ತಾನಾಗಿಯೇ ಲೋಟವನ್ನು ಬಿಟ್ಟಿತು. ಅವನು ಬೆರಗಾಗಿ ಲೋಟದೊಳಗೆ ನೋಡಿದ.

"ಸಾಕು," ಎಂದ.

"ಯಾಕೆ? ಪೂರ್ತಿ ಕುಡೀರಿ. ನಾನೇ ಹೇಳ್ತಿದ್ದೀನಲ್ಲ, ಕುಡೀರಿ."

"ಬೇಡ ಕಣೇ. ಸಾಕು."

ಅವಳು ಲೋಟವನ್ನು ಇಸಿದುಕೊಂಡು, ಸಿಸ್ಟರ್ ಜಾಡಿ ಹಿಡಿದ ಹಾಗೇ ಬೆಳಕಿಗೆ ಹಿಡಿದು ನೋಡಿದಳು. ಅರ್ಧ ಉಳಿದಿತ್ತು. ಮೂಲೆಯಲ್ಲಿ ಮಗು ಮತ್ತೆ ರಾಗ ತೆಗೆಯಿತು, ಮಗಳು ಸೆರಗು ಮುಚ್ಚಿ ಎದೆಗೆ ಹಾಕಿಕೊಂಡಳು, ಚಪ್ ಚಪ್ ಎಂದು ಮಗು ಹೀರುವ ಸದ್ದು ಕೋಣೆಯ ತುಂಬ ಕೇಳಿತು.

"ಅಮ್ಮಾ, ಇದು ಕುಡಿಯೋಕೆ ಶುರು ಮಾಡ್ತು ನೋಡು, ನನಗೆ ಬಾಯಾರಿಕೆ. ಅದನ್ನ ಇತ್ಲಾಗೆ ಕೊಡು," ಎಂದು ಮಗಳು ಕೈಚಾಚಿದಳು.

ಹೆಂಡತಿ ಅವನ ಮುಖ ನೋಡಿದಳು. ಅವನು ಕೊಡು ಎಂದು ತಲೆಯಾಡಿಸಿದ. ಮಗಳು ಲೋಟವೆತ್ತಿ ಗಟಗಟನೆ ಕುಡಿದಳು. ಲೋಟ ಖಾಲಿಯಾಗುವವರೆಗೂ ಅವನು ನೋಡುತ್ತಲೇ ಇದ್ದ. ಬೇಕು ಅನ್ನಿಸಲಿಲ್ಲ.